ಕಿಂಡಿ ಕಿರಿದು, ಗಾಯ ಕಿರಿದಲ್ಲ

ನಮ್ಮ ಸೋದರಮಾವನವರ ದೊಡ್ಡ ಕರುಳಿನ ಬಲಭಾಗದಲ್ಲಿ ಗಂಟೊಂದು ಬೆಳೆದಿದೆಯೆಂದೂ ಅದನ್ನು ಶಸ್ತ್ರಕ್ರಿಯೆಯಿಂದ ತೆಗೆಯಬೇಕೆಂದೂ ಗೊತ್ತಾದ ದಿನ ಮನೆಯಲ್ಲಿ ಕವಿದ ದಿಗಿಲು, ಮರುದಿನ ಅದು 'ಕಿಂಡಿಯ ಆಪರೇಷನ್' ಎಂದು ತಿಳಿಯುತ್ತಲೇ ಅರ್ಧಕ್ಕೆ ಇಳಿಯಿತು. "ಹೊಟ್ಟೆ ಕೊಯ್ಯುವುದಿಲ್ಲವಂತೆ; ನಾಲ್ಕು ತೂತು ಹಾಕುತ್ತಾರಂತೆ, ಅಷ್ಟೆ" ಎಂದು ಅತ್ತೆಯವರು ಬಂದವರಿಗೆಲ್ಲ ಹೇಳತೊಡಗಿದರು. ಪಕ್ಕದ ಮನೆಯವರು ತಮ್ಮ ತಂಗಿಯ ಪಿತ್ತಕೋಶವನ್ನು ಹೀಗೆಯೇ ತೆಗೆದು ಮೂರನೆಯ ದಿನ ಮನೆಗೆ ಕಳುಹಿಸಿದ ಸಂಗತಿಯನ್ನು ತಿಳಿಸಿ ಧೈರ್ಯ ತುಂಬಿದರು. ಭೌತವಿಜ್ಞಾನವನ್ನು ಬೋಧಿಸಿ ಹೊಟ್ಟೆ ಹೊರೆಯುವ ನಾವೂ ಆ ಸಮಾಧಾನದಲ್ಲಿ ಪಾಲುಗೊಂಡೆವೆಂಬುದನ್ನು ಮುಚ್ಚಿಡುವುದಿಲ್ಲ.

ಆ ಸಮಾಧಾನ ಎಷ್ಟು ಸಡಿಲವಾದದ್ದೆಂಬುದು ಶಸ್ತ್ರಕ್ರಿಯೆಯಾದ ಆರನೆಯ ದಿನ ತಿಳಿಯಿತು. ಆ ವೃತ್ತಾಂತವನ್ನು ಅದರ ಸ್ಥಾನದಲ್ಲಿ ಹೇಳುತ್ತೇವೆ. ಈಗ ನಮ್ಮ ಅಭಿಪ್ರಾಯವನ್ನು ನೇರವಾಗಿ ಹೇಳಿಬಿಡುವುದು ಮೇಲು. ಚರ್ಮದ ಮೇಲಣ ರಂಧ್ರವನ್ನು ನೋಡಿ ಶಸ್ತ್ರಕ್ರಿಯೆಯ ಗಾತ್ರವನ್ನು ಅಳೆಯುವುದು ಬೀಗದ ಕಿಂಡಿಯನ್ನು ನೋಡಿ ಮನೆಯ ವಿಸ್ತಾರವನ್ನು ಅಳೆದಂತೆ. ಒಳಗೆ ನಡೆಯುವ ಕೆಲಸ ಹಿಂದಿನಷ್ಟೇ ದೊಡ್ಡದು: ಸುಮಾರು ಒಂದು ಅಡಿಯಷ್ಟು ಕರುಳನ್ನು ಅದರ ರಕ್ತನಾಳಗಳೊಡನೆ ಬಿಡಿಸಿ, ಕತ್ತರಿಸಿ ತೆಗೆದು, ಉಳಿದ ಎರಡು ತುದಿಗಳನ್ನು ಸೇರಿಸಿ ಹೊಲಿಯಬೇಕು. ಈ ಚಿಕಿತ್ಸೆಯ ಫಲದಲ್ಲಿ ಶಸ್ತ್ರವೈದ್ಯನ ಕೈಗೂ ಅವನ ಉಪಕರಣಗಳಿಗೂ ಸಲ್ಲುವ ಪಾಲು ಒಂದು. ರೋಗಿಯೂ ಅವನ ಮನೆಯವರೂ ಮೊದಲು ಮಾಡಿಕೊಳ್ಳುವ ಸಿದ್ಧತೆಗೂ ಆಮೇಲೆ ನಡೆದುಕೊಳ್ಳುವ ರೀತಿಗೂ ಸಲ್ಲುವ ಪಾಲು ಇನ್ನೊಂದು. ಮೊದಲನೆಯದಕ್ಕೆ ನಾವು ಸಾಲ ಮಾಡಿಯಾದರೂ ಹಣ ಕೊಡುತ್ತೇವೆ. ಎರಡನೆಯದನ್ನು ನಮಗೆ ಯಾರೂ ಕಲಿಸುವುದಿಲ್ಲ, ನಾವೂ ಕೇಳುವುದಿಲ್ಲ.

ವಿದ್ಯಾರ್ಥಿಗಳು ಓದುವ ಈ ಪತ್ರಿಕೆಯಲ್ಲಿ ಮುದುಕರ ಕರುಳಿನ ಮಾತೇಕೆ ಎಂದು ಯಾರಾದರೂ ಕೇಳಬಹುದು. ಆಸ್ಪತ್ರೆಯಿಂದ ಬರುವ ಕಾಗದಗಳು ನಮ್ಮ ನಾಡಿನಲ್ಲಿ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತವೆ. ಅವುಗಳನ್ನು ಓದಿ ಮನೆಯವರಿಗೆ ಅರ್ಥ ಹೇಳುವ ಕೆಲಸ, ರಾತ್ರಿ ಹಾಸಿಗೆಯ ಪಕ್ಕದಲ್ಲಿ ಕುಳಿತು ಎಚ್ಚರವಾಗಿರುವ ಕೆಲಸ, ಕಾಲೇಜಿಗೆ ಹೋಗುವ ಮಗನಿಗೋ ಮಗಳಿಗೋ ಬೀಳುವುದೇ ಹೆಚ್ಚು. ಆ ಕಾರಣದಿಂದ ಈ ವಿಷಯ ನಿಮ್ಮದೂ ಆಗಿದೆ.

ಮೊದಲು ಭೌತವಿಜ್ಞಾನದ ಕಡೆಯಿಂದ ನೋಡೋಣ. ಅಲ್ಲಿ ನಮಗೆ ಕಾಲೂರಲು ನೆಲವುಂಟು. ಹೊಟ್ಟೆಯೊಳಗೆ ಸಹಜವಾಗಿ ಖಾಲಿ ಜಾಗವೆಂಬುದಿಲ್ಲ; ಅಂಗಗಳೆಲ್ಲ ಒಂದಕ್ಕೊಂದು ಒತ್ತಿಕೊಂಡಿರುತ್ತವೆ. ಕೈಹಾಕದೆ ಒಳಗೆ ಕೆಲಸ ಮಾಡಬೇಕಾದರೆ ಮೊದಲು ಅಲ್ಲೊಂದು ಕೋಣೆಯನ್ನು ನಿರ್ಮಿಸಬೇಕು. ಇದಕ್ಕಾಗಿ ಹೊಕ್ಕುಳಿನ ಬಳಿ ಚಿಕ್ಕ ಕೊಳವೆಯನ್ನು ಇಳಿಸಿ ಇಂಗಾಲದ ಡೈಆಕ್ಸೈಡ್ ಅನಿಲವನ್ನು ಮೂರು ನಾಲ್ಕು ಲೀಟರಿನಷ್ಟು ತುಂಬುತ್ತಾರೆ. ಒತ್ತಡ ಸಾಮಾನ್ಯವಾಗಿ ಪಾದರಸದ 12ರಿಂದ 15 ಮಿಲಿಮೀಟರು. ಕೇಳಲು ಅಲ್ಪವೆನಿಸುತ್ತದೆ. 15 ಮಿಲಿಮೀಟರು ಪಾದರಸವೆಂದರೆ ಸುಮಾರು 20 ಸೆಂಟಿಮೀಟರು ಎತ್ತರದ ನೀರಿನ ಕಂಬ, ಗೇಣಿಗೆ ತುಸು ಕಡಿಮೆ. ಆದರೆ ಒತ್ತಡವನ್ನು ವಿಸ್ತೀರ್ಣದಿಂದ ಗುಣಿಸಬೇಕೆಂಬುದನ್ನು ಪಾಸ್ಕಲನ ನಿಯಮವನ್ನು ಓದಿದವರು ಮರೆಯಬಾರದು. ಪ್ರತಿ ಚದರ ಸೆಂಟಿಮೀಟರಿಗೆ 20 ಗ್ರಾಮಿನಂತೆ ಒಂದು ಚದರ ಅಡಿಯ ಮೇಲೆ ಹತ್ತಿರ ಹತ್ತಿರ 18 ಕಿಲೋಗ್ರಾಮಿನ ತೂಕ ಬೀಳುತ್ತದೆ. ಈ ಒತ್ತಡ ವಪೆಯನ್ನು ಮೇಲಕ್ಕೆ ತಳ್ಳಿ ಶ್ವಾಸಕೋಶಕ್ಕೆ ಇರುವ ಜಾಗವನ್ನು ಕುಗ್ಗಿಸುತ್ತದೆ. ಕಾಲುಗಳಿಂದ ಹೃದಯಕ್ಕೆ ಮರಳುವ ರಕ್ತದ ಪ್ರವಾಹವನ್ನು ತಡೆಯುತ್ತದೆ. ಅನಿಲದ ಒಂದಂಶ ರಕ್ತದಲ್ಲಿ ಕರಗಿ ಅದರ ಆಮ್ಲತೆಯನ್ನು ಹೆಚ್ಚಿಸುವುದರಿಂದ, ಅರಿವಳಿಕೆಯ ವೈದ್ಯರು ಉಸಿರಾಟದ ಯಂತ್ರವನ್ನು ಹೆಚ್ಚು ದುಡಿಸಿ ಅದನ್ನು ಹೊರಹಾಕಬೇಕಾಗುತ್ತದೆ. 'ನಾಲ್ಕು ತೂತು' ಎಂಬ ಮಾತಿನಲ್ಲಿ ಇದಾವುದೂ ಕಾಣದು.

ಗಾಳಿಯನ್ನೇ ತುಂಬಬಾರದೇ ಎಂಬ ಪ್ರಶ್ನೆಯನ್ನು ನಮ್ಮ ತರಗತಿಯ ಹುಡುಗಿಯೊಬ್ಬಳು ಕೇಳಿದಳು. ಒಳ್ಳೆಯ ಪ್ರಶ್ನೆ. ಒಳಗೆ ರಕ್ತಸ್ರಾವವನ್ನು ತಡೆಯಲು ವಿದ್ಯುತ್ತಿನಿಂದ ಸುಡುವ ಉಪಕರಣ ಬಳಕೆಯಾಗುತ್ತದೆ. ಆದುದರಿಂದ ಉರಿಯನ್ನು ಪೋಷಿಸದ ಅನಿಲ ಬೇಕು. ಜೊತೆಗೆ, ಅಕಸ್ಮಾತ್ ಗುಳ್ಳೆ ರಕ್ತನಾಳವನ್ನು ಹೊಕ್ಕರೆ ಬೇಗ ಕರಗಿಹೋಗುವಂಥದಾಗಿರಬೇಕು. ಇಂಗಾಲದ ಡೈಆಕ್ಸೈಡ್ ಆಮ್ಲಜನಕಕ್ಕಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ಸುಲಭವಾಗಿ ರಕ್ತದ ದ್ರವದಲ್ಲಿ ಕರಗುತ್ತದೆ. ಕೆಲಸ ಮುಗಿದ ಮೇಲೆ ಅದನ್ನು ಹೊರಬಿಟ್ಟರೂ ಸ್ವಲ್ಪ ಉಳಿಯುವುದುಂಟು. ಅದು ವಪೆಯನ್ನು ಕೆಣಕುತ್ತದೆ. ವಪೆಯ ನರ ಕುತ್ತಿಗೆಯಿಂದ ಹೊರಡುವುದರಿಂದ ಆ ನೋವು ಹೊಟ್ಟೆಯಲ್ಲಿ ತೋರದೆ ಭುಜದಲ್ಲಿ ತೋರುತ್ತದೆ. ಮೊದಲ ಎರಡು ಮೂರು ದಿನ ಹೀಗೆ ಭುಜ ನೋಯುವುದು ಸಾಮಾನ್ಯ. ಮೊದಲೇ ತಿಳಿದಿರದ ಮನೆಯವರು ಇದನ್ನು ಹೃದಯಾಘಾತವೆಂದು ಭ್ರಮಿಸಿ ಕಂಗಾಲಾಗುತ್ತಾರೆ. ನಮ್ಮ ಅತ್ತೆಯವರು ಮೊದಲ ರಾತ್ರಿ ಮೂರು ಸಲ ದಾದಿಯನ್ನು ಕರೆದರು. ಕರೆದದ್ದು ತಪ್ಪಲ್ಲ, ಎದೆ ಹಿಡಿದಂತಾಗಿ ಉಸಿರು ಸಾಲದೆ ಹೋದರೆ ಕರೆಯಲೇಬೇಕು.

ಬೆಳಕಿನ ಕಥೆಯನ್ನು ಹೇಳದೆ ಮುಂದೆ ಹೋಗಲು ಭೌತವಿಜ್ಞಾನಿಯ ಮನಸ್ಸು ಒಪ್ಪದು. 1901ರಲ್ಲಿ ಜರ್ಮನಿಯ ಗೇಯೋರ್ಗ್ ಕೆಲ್ಲಿಂಗ್ ನಾಯಿಯೊಂದರ ಹೊಟ್ಟೆಗೆ ಗಾಳಿ ತುಂಬಿ ನಳಿಕೆಯಿಂದ ಒಳಗೆ ಇಣುಕಿದನು. 1910ರಲ್ಲಿ ಸ್ವೀಡನ್ನಿನ ಯಾಕೋಬೇಯುಸ್ ಮನುಷ್ಯರಲ್ಲಿ ಇದನ್ನು ಮಾಡಿದ ವಿವರವನ್ನು ಪ್ರಕಟಿಸಿದನು. ಆದರೆ ಅವರಿಗೆ ಕಂಡದ್ದು ಮಬ್ಬು ಚಿತ್ರ. ಹೆರಾಲ್ಡ್ ಹಾಪ್ಕಿನ್ಸ್ ಎಂಬ ಇಂಗ್ಲೆಂಡಿನ ಭೌತವಿಜ್ಞಾನಿ, ಉದ್ದದ ಗಾಳಿಯ ನಡುವೆ ಚಿಕ್ಕ ಚಿಕ್ಕ ಮಸೂರಗಳನ್ನಿಡುವ ಹಳೆಯ ಕ್ರಮವನ್ನು ತಿರುಗಿಸಿ, ಉದ್ದದ ಗಾಜಿನ ಕಡ್ಡಿಗಳ ನಡುವೆ ಚಿಕ್ಕ ಚಿಕ್ಕ ಗಾಳಿಯ ಅಂತರಗಳನ್ನಿಟ್ಟನು. ಅಷ್ಟರಿಂದಲೇ ಬೆಳಕು ಹಲವು ಪಟ್ಟು ಹೆಚ್ಚಿತು. ಪಂಜಾಬಿನಲ್ಲಿ ಹುಟ್ಟಿದ ನರೀಂದರ್ ಸಿಂಗ್ ಕಪಾನಿಯವರು ಅದೇ ಹಾಪ್ಕಿನ್ಸನೊಡನೆ ಗಾಜಿನ ಎಳೆಗಳ ಕಟ್ಟಿನಲ್ಲಿ ಪೂರ್ಣ ಆಂತರಿಕ ಪ್ರತಿಫಲನದಿಂದ ಚಿತ್ರವನ್ನು ಸಾಗಿಸಿದ ವರದಿ 1954ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದಿತು. ಬಿಸಿಯಾದ ದೀಪವನ್ನು ಹೊಟ್ಟೆಯೊಳಗೆ ಒಯ್ಯದೆ ಬೆಳಕನ್ನು ಮಾತ್ರ ಒಯ್ಯುವ ಹಾದಿ ಇಂಥ ಎಳೆಗಳಿಂದಲೇ ತೆರೆಯಿತು. 1980ರಲ್ಲಿ ಜರ್ಮನಿಯ ಕುರ್ಟ್ ಜೆಮ್ ಈ ಬಗೆಯಲ್ಲಿ ಅಪೆಂಡಿಕ್ಸನ್ನು ತೆಗೆದನು. ನಮ್ಮ ದೇಶದಲ್ಲಿ ಮುಂಬಯಿಯ ಡಾ॥ ತೆಹೆಮ್‌ಟನ್ ಉದ್ವಾಡಿಯಾರವರು 1972ರಿಂದಲೇ ಉದರದರ್ಶಕವನ್ನು ಬಳಸುತ್ತಿದ್ದು, 1990ರಲ್ಲಿ ಅದರ ಮೂಲಕ ಪಿತ್ತಕೋಶವನ್ನು ತೆಗೆದರು. ದೊಡ್ಡ ಕರುಳಿನ ಸರದಿ ಬಂದದ್ದು ಅದರ ಆಸುಪಾಸಿನಲ್ಲಿಯೇ.

ಆಗ ಒಂದು ಭಯ ಹುಟ್ಟಿತು. ಕಿಂಡಿಯಿಂದ ಕೆಲಸ ಮಾಡಿದರೆ ಅರ್ಬುದದ ಗಂಟು ಪೂರ್ತಿ ತೆಗೆದಂತಾಗುವುದೆ? ಅಮೆರಿಕ ಮತ್ತು ಕೆನಡಗಳ 48 ಸಂಸ್ಥೆಗಳಲ್ಲಿ 872 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ನಡೆಸಿದ ಪರೀಕ್ಷೆಯ ಫಲ 2004ರಲ್ಲಿ ಹೊರಬಿತ್ತು. ಮೂರು ವರ್ಷಗಳಲ್ಲಿ ರೋಗ ಮರುಕಳಿಸಿದ ಪ್ರಮಾಣ ಕಿಂಡಿಯ ಗುಂಪಿನಲ್ಲಿ ನೂರಕ್ಕೆ 16, ಹೊಟ್ಟೆ ತೆರೆದ ಗುಂಪಿನಲ್ಲಿ ನೂರಕ್ಕೆ 18. ಭಯಕ್ಕೆ ಆಧಾರವಿರಲಿಲ್ಲ. ಆಸ್ಪತ್ರೆಯಲ್ಲಿ ಕಳೆದ ದಿನಗಳಲ್ಲಾದರೂ ಭಾರಿ ಅಂತರ ಬಂದೀತೆಂದು ನಿರೀಕ್ಷಿಸಿದವರಿಗೆ ದೊರೆತದ್ದು 6ಕ್ಕೆ ಬದಲು 5 ದಿನ.

ಒಂದೇ ಒಂದು ದಿನ! ಅಷ್ಟು ಚಿಕ್ಕ ಕಿಂಡಿಗೆ ಅಷ್ಟೇ ಫಲವೇಕೆ? ಈ ಪ್ರಶ್ನೆಗೆ ಉತ್ತರ ಹುಡುಕಿದವರಲ್ಲಿ ಮುಖ್ಯನಾದವನು ಡೆನ್ಮಾರ್ಕಿನ ಶಸ್ತ್ರವೈದ್ಯ ಹೆನ್ರಿಕ್ ಕೆಹ್ಲೆಟ್. ರೋಗಿಯನ್ನು ಹಾಸಿಗೆಯಲ್ಲಿ ಇಡುವುದು ಗಾಯವಲ್ಲ, ಗಾಯದ ಸುತ್ತ ನಾವು ಬೆಳೆಸಿಕೊಂಡ ಪದ್ಧತಿಗಳೆಂದು ಅವನಿಗೆ ತೋರಿತು. ದೀರ್ಘ ಉಪವಾಸ, ಮೂಗಿನ ನಳಿಕೆ, ಅತಿಯಾಗಿ ಹರಿಸುವ ಸಲೈನು, ಅಫೀಮಿನ ಜಾತಿಯ ನೋವುಶಾಮಕ, ಬಲವಂತದ ವಿಶ್ರಾಂತಿ, ಇವೆಲ್ಲ ಸೇರಿ ಕರುಳನ್ನೂ ಮನುಷ್ಯನನ್ನೂ ಮಲಗಿಸುತ್ತವೆ. 1990ರ ದಶಕದಲ್ಲಿ ಅವನು ಇವುಗಳನ್ನು ಒಂದೊಂದಾಗಿ ಬಿಡಿಸುತ್ತ ಹೋದನು. 2005ರಲ್ಲಿ ಅವನ ಸಂಗಡಿಗರು ಪ್ರಕಟಿಸಿದ ಪ್ರಯೋಗವೊಂದು ನಮಗೆ ಬಹಳ ಹಿಡಿಸಿತು. 60 ರೋಗಿಗಳಲ್ಲಿ ಅರ್ಧ ಮಂದಿಗೆ ಕಿಂಡಿಯ ಕ್ರಮ, ಅರ್ಧ ಮಂದಿಗೆ ಹೊಟ್ಟೆ ತೆರೆಯುವ ಕ್ರಮ. ಆದರೆ ಎಲ್ಲರ ಹೊಟ್ಟೆಯ ಮೇಲೂ ಒಂದೇ ತೆರನಾದ, ಒಳಗಣದು ಕಾಣದ ದೊಡ್ಡ ಪಟ್ಟಿ. ತನಗೆ ಯಾವುದು ನಡೆಯಿತೆಂಬುದು ರೋಗಿಗೂ ತಿಳಿಯದು, ಶುಶ್ರೂಷೆ ಮಾಡುವ ದಾದಿಗೂ ತಿಳಿಯದು. ಎಲ್ಲರಿಗೂ ಬೇಗ ಊಟ, ಬೇಗ ನಡಿಗೆ. ಫಲವೇನು? ಆಸ್ಪತ್ರೆಯಲ್ಲಿ ಉಳಿದ ದಿನಗಳ ಮಧ್ಯಾಂಕ ಎರಡೂ ಗುಂಪುಗಳಲ್ಲಿ 2.

ಇಲ್ಲಿಗೆ ವಾದ ಮುಗಿಯಿತೆಂದು ನಾವು ಹೇಳಿದರೆ ಅದು ವಿಜ್ಞಾನಕ್ಕೆ ಅಪಚಾರ. ಹಾಲೆಂಡಿನ ಒಂಬತ್ತು ಆಸ್ಪತ್ರೆಗಳಲ್ಲಿ 400 ಮಂದಿಯ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಪರೀಕ್ಷೆ ಬೇರೊಂದು ಮಾತನ್ನು ಹೇಳುತ್ತದೆ. ಅಲ್ಲಿ ಕಿಂಡಿಯೂ ಹೊಸ ಶುಶ್ರೂಷೆಯೂ ಒಟ್ಟಿಗೆ ದೊರೆತವರು 5 ದಿನ ಉಳಿದರು. ಕಿಂಡಿ ಮಾತ್ರ ದೊರೆತವರು 6. ಹೊಟ್ಟೆ ತೆರೆಸಿಕೊಂಡವರು ಹೇಗೆ ಶುಶ್ರೂಷೆ ಪಡೆದರೂ 7. ಆದುದರಿಂದ ಕಿಂಡಿಗೆ ಬೆಲೆಯಿಲ್ಲವೆನ್ನಲಾಗದು. ನೋವು ಕಡಿಮೆ, ಗಾಯದ ಸೋಂಕು ಕಡಿಮೆ. ಎರಡು ಪರೀಕ್ಷೆಗಳನ್ನೂ ಎದುರಿಗಿಟ್ಟುಕೊಂಡು ನೋಡಿದರೆ, ಎರಡೂ ಕೂಡಿದಾಗಲೇ ಪೂರ್ಣಫಲವೆಂಬುದು ನಮ್ಮ ತೀರ್ಮಾನ. ನಮ್ಮ ನಾಡಿನಲ್ಲಿ ನಡೆಯುತ್ತಿರುವುದೇನೆಂದರೆ, ಕಿಂಡಿಯನ್ನು ತರಿಸಿಕೊಂಡು ಅದರ ಜೊತೆಗೆ ಅಜ್ಜಿಯ ಕಾಲದ ಬಾಣಂತಿಯ ಕೋಣೆಯನ್ನೂ ಉಳಿಸಿಕೊಂಡಿರುವುದು.

ಸಿದ್ಧತೆಯ ಮಾತಿಗೆ ಬರೋಣ. ದಿನ ನಿಶ್ಚಯವಾದುದಕ್ಕೂ ಶಸ್ತ್ರಕ್ರಿಯೆಗೂ ನಡುವೆ ಎರಡು ಮೂರು ವಾರಗಳಿದ್ದರೆ, ರೋಗಿಯನ್ನು ದಣಿಯಗೊಡದೆ ಕೂರಿಸುವುದು ನಮ್ಮ ರೂಢಿ. ಇದು ತಲೆಕೆಳಗಾದ ಕ್ರಮ. ಪರೀಕ್ಷೆ ಹತ್ತಿರವಾದಾಗ ಪುಸ್ತಕ ಮುಚ್ಚಿಡಿ ಎಂದು ಯಾರಾದರೂ ಹೇಳುತ್ತಾರೆಯೆ? ಆ ವಾರಗಳಲ್ಲಿ ದಿನವೂ ಬಿರುಸಾಗಿ ನಡೆಯಬೇಕು, ಮೆಟ್ಟಿಲು ಹತ್ತಬೇಕು, ದೀರ್ಘವಾಗಿ ಉಸಿರೆಳೆಯುವ ಅಭ್ಯಾಸ ಮಾಡಬೇಕು. ಬೀಡಿ, ಸಿಗರೇಟುಗಳನ್ನು ಆದಷ್ಟು ಮುಂಚೆ, ನಾಲ್ಕು ವಾರವಾದರೂ ಮೊದಲು, ಬಿಡಬೇಕು; ಹೊಗೆ ರಕ್ತದ ಆಮ್ಲಜನಕವನ್ನು ಕದಿಯುವುದಲ್ಲದೆ ಹೊಲಿಗೆ ಕೂಡುವುದನ್ನೂ ಕೆಡಿಸುತ್ತದೆ. ಕರುಳಿನ ಗಂಟು ಬಹು ದಿನ ಕಣ್ಣಿಗೆ ಕಾಣದಂತೆ ರಕ್ತ ಸೋರಿಸುವುದರಿಂದ ಇಂಥ ರೋಗಿಗಳಲ್ಲಿ ರಕ್ತಹೀನತೆ ಸಾಮಾನ್ಯ. ಅದನ್ನು ಮೊದಲೇ ಅಳೆಯಿಸಿ ಕಬ್ಬಿಣದ ಔಷಧಿಯಿಂದ ಸರಿಪಡಿಸಿಕೊಳ್ಳಬೇಕು. ಸಕ್ಕರೆ ಕಾಯಿಲೆಯಿದ್ದರೆ ಹತೋಟಿಗೆ ತರಬೇಕು. ಕಾಳು, ಮೊಸರು, ಒಗ್ಗುವವರಿಗೆ ಮೊಟ್ಟೆ, ಇವುಗಳಿಂದ ಸಸಾರಜನಕದ ಕೊರತೆಯನ್ನು ನೀಗಿಸಿಕೊಳ್ಳಬೇಕು. ತೆಗೆದುಕೊಳ್ಳುವ ಎಲ್ಲ ಔಷಧಿಗಳನ್ನೂ, ವಿಶೇಷವಾಗಿ ರಕ್ತ ತೆಳುವಾಗಿಸುವ ಗುಳಿಗೆಗಳನ್ನೂ, ಔಷಧಿಯೆಂದು ನಾವು ಎಣಿಸದ ಲೇಹ್ಯ ಕಷಾಯಗಳನ್ನೂ, ಒಂದು ಹಾಳೆಯಲ್ಲಿ ಬರೆದು ವೈದ್ಯರ ಕೈಗಿಡಬೇಕು. ಕೆಲವರಿಗೆ ಮುನ್ನಾದಿನ ಕರುಳನ್ನು ತೊಳೆಯುವ ದ್ರಾವಣವನ್ನು ಕುಡಿಸುತ್ತಾರೆ. ಅದರಲ್ಲಿರುವ ಉದ್ದನೆಯ ಅಣುಗಳು ಕರುಳಿನ ಗೋಡೆಯನ್ನು ದಾಟಲಾರದೆ ನೀರನ್ನು ತಮ್ಮೊಡನೆ ಹಿಡಿದಿಟ್ಟು ಹೊರಕ್ಕೆ ಒಯ್ಯುತ್ತವೆ. ರುಚಿ ಚೆನ್ನಾಗಿಲ್ಲವೆಂದು ಅರ್ಧ ಚೆಲ್ಲಿ, ಪೂರ್ತಿ ಕುಡಿದೆನೆಂದು ಹೇಳುವವರುಂಟು. ಈ ಸುಳ್ಳು ಶಸ್ತ್ರವೈದ್ಯನ ಕಣ್ಣೆದುರಿಗೇ ಬಯಲಾಗುತ್ತದೆ.

ಉಪವಾಸದ ವಿಚಾರದಲ್ಲಿ ನಮ್ಮ ಜನರ ಶ್ರದ್ಧೆ ಅತಿ. ಹಿಂದಿನ ರಾತ್ರಿಯಿಂದ ಒಂದು ತೊಟ್ಟು ನೀರೂ ಕೂಡದೆಂಬ ನಿಯಮ ಇನ್ನೂ ಅನೇಕ ಕಡೆ ನಡೆಯುತ್ತಿದೆ. ಆ ನಿಯಮದ ಉದ್ದೇಶ ಸರಿಯಾದದ್ದೆ: ಅರಿವು ತಪ್ಪಿದಾಗ ಹೊಟ್ಟೆಯಲ್ಲಿರುವುದು ಮೇಲೆ ಬಂದು ಶ್ವಾಸನಾಳವನ್ನು ಸೇರಬಾರದು. ಆದರೆ ನೀರು ಜಠರದಲ್ಲಿ ಎಷ್ಟು ಹೊತ್ತು ಇರುತ್ತದೆ? ವಿಕಿರಣಶೀಲ ವಸ್ತುವಿನ ಅರ್ಧಾಯುಷ್ಯವನ್ನು ನೀವು ಓದಿರುತ್ತೀರಿ. ಜಠರದಲ್ಲಿರುವ ನೀರಿಗೂ ಅರ್ಧಾಯುಷ್ಯವುಂಟು. ಸ್ವಸ್ಥರಲ್ಲಿ ಅದು ಸುಮಾರು ಕಾಲು ಗಂಟೆ. ಎರಡು ಗಂಟೆಗಳಲ್ಲಿ ಎಂಟು ಅರ್ಧಾಯುಷ್ಯಗಳು ಕಳೆಯುತ್ತವೆ. ಕುಡಿದುದರಲ್ಲಿ ಉಳಿಯುವುದು 256ರಲ್ಲಿ ಒಂದು ಪಾಲು. ಈ ಕಾರಣದಿಂದಲೇ ಇಂದಿನ ನಿಯಮಗಳು ಗಟ್ಟಿ ಆಹಾರವನ್ನು ಅರಿವಳಿಕೆಗೆ ಆರು ಗಂಟೆ ಮೊದಲು ನಿಲ್ಲಿಸಿ, ತಿಳಿಯಾದ ಪಾನೀಯವನ್ನು ಎರಡು ಗಂಟೆ ಮೊದಲಿನವರೆಗೂ ಒಪ್ಪುತ್ತವೆ. ಕೆಲವೆಡೆ ಸಕ್ಕರೆ ಬೆರೆತ ಪಾನೀಯವನ್ನು ತಾವಾಗಿಯೇ ಕೊಡುತ್ತಾರೆ. ಬಾಯಾರಿಕೆಯಿಂದ ಬಳಲಿ ಮೇಜಿನ ಮೇಲೆ ಮಲಗಿದವನಿಗಿಂತ ನೀರು ಕುಡಿದು ಬಂದವನ ಸ್ಥಿತಿ ಉತ್ತಮ. ಹಾಲು ಹಾಕಿದ ಕಾಫಿ ಮಾತ್ರ ನೀರಲ್ಲ, ಅದು ಊಟವೆಂದೇ ಲೆಕ್ಕ. ಕರುಳು ಕಟ್ಟಿಕೊಂಡವರಿಗೂ, ಬಹುಕಾಲದ ಸಕ್ಕರೆ ಕಾಯಿಲೆಯಿಂದ ಜಠರ ನಿಧಾನವಾದವರಿಗೂ ಈ ಗಣಿತ ಅನ್ವಯಿಸದಾದುದರಿಂದ ಅರಿವಳಿಕೆಯ ವೈದ್ಯರ ಮಾತೇ ಕೊನೆಯದು. ಅವರನ್ನು ಕೇಳಿ ಎನ್ನುವುದಷ್ಟೇ ನಮ್ಮ ಸಲಹೆ. ಕೇಳದೆ ಇರುವುದೇ ನಮ್ಮವರ ಚಾಳಿ.

ಇನ್ನೆರಡು ಮಾತುಗಳನ್ನು ಮೊದಲೇ ಕೇಳಿಸಿಕೊಂಡಿರಬೇಕು. ನಡುವೆ ತೊಡಕು ಕಂಡರೆ ಶಸ್ತ್ರವೈದ್ಯನು ಕಿಂಡಿಯನ್ನು ಬಿಟ್ಟು ಹೊಟ್ಟೆಯನ್ನು ತೆರೆಯಬಹುದು. ಅದು ಸೋಲಲ್ಲ, ವಿವೇಕ. ಕೆಲವರಿಗೆ ಕರುಳಿನ ತುದಿಯನ್ನು ಸ್ವಲ್ಪ ಕಾಲ ಹೊಟ್ಟೆಯ ಮೇಲಕ್ಕೆ ತಂದು ಚೀಲವನ್ನು ಅಂಟಿಸಬೇಕಾಗಬಹುದು. ಎಚ್ಚರವಾದ ಮೇಲೆ ಇದನ್ನು ಮೊದಲ ಬಾರಿಗೆ ಕಾಣುವವನ ಮನಸ್ಸು ಏನಾಗುವುದೆಂದು ನಾವು ಕಣ್ಣಾರೆ ಕಂಡಿದ್ದೇವೆ.

ಶಸ್ತ್ರಕ್ರಿಯೆಯಾದ ಸಂಜೆಯೇ, ತಪ್ಪಿದರೆ ಮರುದಿನ ಬೆಳಿಗ್ಗೆ, ರೋಗಿಯನ್ನು ಎಬ್ಬಿಸಿ ಕೂರಿಸಿ ನಾಲ್ಕು ಹೆಜ್ಜೆ ನಡೆಸುತ್ತಾರೆ. ಮನೆಯವರಿಗೆ ಇದು ಕ್ರೌರ್ಯದಂತೆ ಕಾಣುತ್ತದೆ. ಮಾವನವರನ್ನು ಎಬ್ಬಿಸಲು ಬಂದ ದಾದಿಯ ಮೇಲೆ ನಾವೇ ರೇಗಿದೆವು. "ಸಾರ್, ಮಲಗಿದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ನಿಮಗೆ ಗೊತ್ತಿಲ್ಲವೆ?" ಎಂದು ಆ ಹುಡುಗಿ ಕೇಳಿದಾಗ ನಮ್ಮ ಸ್ನಾತಕೋತ್ತರ ಪದವಿ ಮೌನವಾಯಿತು. ನಿಂತ ದ್ರವ ಹೆಪ್ಪುಗಟ್ಟುವುದು, ಹರಿಯುವುದು ಹೆಪ್ಪುಗಟ್ಟದಿರುವುದು ಮೊಸರಿನ ಗಡಿಗೆಯನ್ನು ಕಂಡ ಯಾರಿಗಾದರೂ ಹೊಳೆಯಬೇಕಾದ ಮಾತು, ಹೋಲಿಕೆ ಪೂರ್ತಿ ಸರಿಯಲ್ಲದಿದ್ದರೂ. ಮೀನಖಂಡದ ಸ್ನಾಯುಗಳೇ ಕಾಲಿನ ರಕ್ತವನ್ನು ಮೇಲೆತ್ತುವ ಪಂಪು. ನಡೆಯದಿದ್ದರೆ ಪಂಪು ನಿಂತಿತು. ಮಲಗಿದವನ ಶ್ವಾಸಕೋಶದ ಕೆಳಭಾಗವೂ ಕುಗ್ಗಿ ಕಫ ಕೂಡುತ್ತದೆ. ಮೂರು ಬಣ್ಣದ ಚೆಂಡುಗಳಿರುವ ಪ್ಲಾಸ್ಟಿಕ್ ಪೆಟ್ಟಿಗೆಯೊಂದನ್ನು ಆಸ್ಪತ್ರೆಯಲ್ಲಿ ಕೊಡುವರಷ್ಟೆ; ಉಸಿರನ್ನು ಒಳಕ್ಕೆ ಎಳೆದಾಗ ಗಾಳಿಯ ವೇಗಕ್ಕೆ ತಕ್ಕಂತೆ ಚೆಂಡುಗಳು ಏಳುತ್ತವೆ. ಅದು ಮಕ್ಕಳ ಆಟಿಕೆಯಲ್ಲ, ಮೊಮ್ಮಗನಿಗೆ ಆಡಲು ಕೊಡತಕ್ಕದ್ದೂ ಅಲ್ಲ. ನಮ್ಮ ಮನೆಯಲ್ಲಿ ಆದದ್ದು ಅದೇ.

ಊಟದ ವಿಷಯದಲ್ಲಿಯೂ ಹೀಗೆಯೇ. ಶಸ್ತ್ರಕ್ರಿಯೆಯಾದ ಮೇಲೆ ಸಣ್ಣ ಕರುಳು ಒಂದು ದಿನದೊಳಗೆ ಚಲನೆಯನ್ನು ಮರಳಿ ಪಡೆಯುತ್ತದೆ. ಜಠರ ಒಂದೆರಡು ದಿನದಲ್ಲಿ. ದೊಡ್ಡ ಕರುಳು ಎರಡು ಮೂರು ದಿನದಲ್ಲಿ. ಗಾಳಿ ಬಿಡುವವರೆಗೂ ಬಾಯಿಗೆ ಏನೂ ಹಾಕಬಾರದೆಂಬ ಹಳೆಯ ನಂಬಿಕೆ ಈಗ ಬಿದ್ದುಹೋಗಿದೆ. ತೊಡಕಿಲ್ಲದವರಿಗೆ ಅಂದೇ ನೀರು, ಮರುದಿನದಿಂದ ಸ್ವಲ್ಪ ಸ್ವಲ್ಪ ಮೆತ್ತನೆಯ ಊಟ. ಇಲ್ಲಿಯೂ ವಾಂತಿ ಬಂದರೆ ನಿಲ್ಲಿಸತಕ್ಕದ್ದು. ಮನೆಗೆ ಬಂದ ಮೇಲೆ ವಾರಗಟ್ಟಲೆ ತಿಳಿಗಂಜಿಯನ್ನೇ ಕುಡಿಸುವುದು ಪ್ರೀತಿಯ ರೂಪದಲ್ಲಿರುವ ಉಪವಾಸ. ಗಾಯ ಕೂಡಲು ಬೇಕಾದ ಸಸಾರಜನಕ ಅದರಲ್ಲಿಲ್ಲ. ಮೃದುವಾಗಿ ಬೇಯಿಸಿದ ಬೇಳೆ, ಮೊಸರನ್ನ, ಇಡ್ಲಿ ಇವುಗಳಿಗೆ ಅಡ್ಡಿಯೇನು? ಕೆಲವು ಆಸ್ಪತ್ರೆಗಳಲ್ಲಿ ಚ್ಯೂಯಿಂಗ್ ಗಮ್ ಅಗಿಯಲು ಹೇಳುತ್ತಾರೆ. ಅಗಿತದಿಂದ ಊಟ ಬಂದಿತೆಂದು ಮೋಸಹೋಗಿ ಕರುಳು ಏಳುವುದೆಂಬುದು ಅದರ ತತ್ತ್ವ. ಅದರ ಉಪಯೋಗ ಅಲ್ಪವೆಂದು ತೋರುತ್ತದೆ. "ಹಾಗಾದರೆ ಎಲೆ ಅಡಿಕೆ ಆಗುವುದಿಲ್ಲವೆ?" ಎಂದು ಮಾವನವರು ಬಹಳ ಆಸೆಯಿಂದ ಕೇಳಿದರು. ಆಗುವುದಿಲ್ಲ.

ಭಾರ ಎತ್ತುವ ವಿಷಯವನ್ನು ಒಂದು ಮಾತಿನಲ್ಲಿ ಹೇಳಿಬಿಡುತ್ತೇವೆ. ತುಂಡಾದ ಕರುಳನ್ನು ಹೊರತೆಗೆಯಲು ಒಂದು ಕಿಂಡಿಯನ್ನು ಸಾಮಾನ್ಯವಾಗಿ ನಾಲ್ಕೈದು ಸೆಂಟಿಮೀಟರಿಗೆ ಹಿಗ್ಗಿಸಿರುತ್ತಾರೆ. ಆದುದರಿಂದ ನಾಲ್ಕರಿಂದ ಆರು ವಾರ ತುಂಬಿದ ಕೊಡ, ಅಕ್ಕಿಯ ಮೂಟೆ, ಗ್ಯಾಸಿನ ಸಿಲಿಂಡರು ಇವುಗಳ ಬಳಿಗೆ ಹೋಗಬಾರದು. ನಡೆಯುವುದಕ್ಕೆ ಈ ನಿರ್ಬಂಧವಿಲ್ಲ.

ಈಗ ಆರನೆಯ ದಿನದ ವೃತ್ತಾಂತ. ಮಾವನವರು ಐದನೆಯ ದಿನ ಮನೆಗೆ ಬಂದರು. ಹೊಟ್ಟೆಯ ಮೇಲೆ ನಾಲ್ಕು ಚಿಕ್ಕ ಪಟ್ಟಿಗಳು; ಒಂದರಲ್ಲಿಯೂ ಕೀವಿಲ್ಲ, ಕೆಂಪಿಲ್ಲ. ನೋಡಲು ಬಂದವರು ಅಂಗಿ ಎತ್ತಿಸಿ ನೋಡಿ ಮೂಗಿನ ಮೇಲೆ ಬೆರಳಿಟ್ಟರು. ಮರುದಿನ ಮಧ್ಯಾಹ್ನ ಅವರಿಗೆ ಊಟ ಬೇಡವಾಯಿತು. ಹೊಟ್ಟೆ ಸ್ವಲ್ಪ ಉಬ್ಬಿದೆಯೆಂದರು. ಜೀರಿಗೆ ಕಷಾಯ ಕೊಟ್ಟೆವು. ಸಂಜೆಗೆ ನೋವು ಹಿಂದಿನ ದಿನಕ್ಕಿಂತ ಹೆಚ್ಚಾಗಿತ್ತು, ಮೈ ಸ್ವಲ್ಪ ಬೆಚ್ಚಗಿತ್ತು. "ಗಾಯವೆಲ್ಲ ಚೆನ್ನಾಗಿ ಮಾಗಿದೆ, ವಾಯು ಇರಬೇಕು" ಎಂಬುದು ಎಲ್ಲರ ಅಭಿಪ್ರಾಯ, ನಮ್ಮದೂ ಅದೇ. ಏನನ್ನಾದರೂ ಅಳೆಯದೆ ಕೂತಿರಲಾರದ ವೃತ್ತಿಯ ದುರಭ್ಯಾಸದಿಂದ, ಬೇರೇನೂ ತೋಚದೆ, ಗಡಿಯಾರ ಹಿಡಿದು ನಾಡಿಯನ್ನು ಎಣಿಸಿದೆವು. ನಿಮಿಷಕ್ಕೆ 118. ಮತ್ತೆ ಎಣಿಸಿದೆವು, 120. ಮಲಗಿರುವ ಮನುಷ್ಯನ ಹೃದಯ ಓಡುವವನಂತೆ ಬಡಿಯುತ್ತಿರಬೇಕಾದರೆ ಒಳಗೆಲ್ಲೋ ಏನೋ ನಡೆಯುತ್ತಿದೆ ಎಂಬಷ್ಟು ಮಾತ್ರ ನಮಗೆ ಹೊಳೆಯಿತು. ಆಸ್ಪತ್ರೆಗೆ ದೂರವಾಣಿ ಮಾಡಿದಾಗ ಫೋನೆತ್ತಿದವರು ಬೆಳಿಗ್ಗೆ ಹೊರರೋಗಿ ವಿಭಾಗಕ್ಕೆ ಕರೆತನ್ನಿ ಎಂದರು. ಬೆಳಗಿನವರೆಗೆ ಕಾಯಲು ಧೈರ್ಯವಾಗದೆ ರಾತ್ರಿಯೇ ಕರೆದೊಯ್ದೆವು. ಕರುಳಿನ ಹೊಲಿಗೆ ಒಂದು ಕಡೆ ಬಿಟ್ಟಿತ್ತು. ಒಳಗಿರುವುದು ಹೊಟ್ಟೆಯ ಪೊಳ್ಳಿಗೆ ಸೋರುತ್ತಿತ್ತು. ಬೆಳಗಾಗುವುದರೊಳಗೆ ಎರಡನೆಯ ಶಸ್ತ್ರಕ್ರಿಯೆ ಆಯಿತು; ಈ ಸಲ ಹೊಟ್ಟೆಯನ್ನು ತೆರೆದೇ ಮಾಡಿದರು. ಕರುಳಿನ ತುದಿಯನ್ನು ಹೊರಕ್ಕೆ ತಂದು ಚೀಲ ಕಟ್ಟಿದರು. ಬೆಳಗಿನವರೆಗೆ ಕಾದಿದ್ದರೆ ಏನಾಗುತ್ತಿತ್ತೆಂದು ಆಮೇಲೆ ಶಸ್ತ್ರವೈದ್ಯರನ್ನು ಕೇಳಿದೆವು. ಅವರು ಉತ್ತರ ಹೇಳಲಿಲ್ಲ.

ಹೊಲಿಗೆ ಬಿಡುವುದು ಶಸ್ತ್ರವೈದ್ಯನ ಅಪರಾಧವೆಂದು ಹೇಳುವುದು ನಮ್ಮ ಉದ್ದೇಶವಲ್ಲ. ಎಷ್ಟೇ ನುರಿತ ಕೈಯಲ್ಲಿಯೂ, ಕಿಂಡಿಯಿಂದ ಮಾಡಿದರೂ ತೆರೆದು ಮಾಡಿದರೂ, ಕೆಲವು ರೋಗಿಗಳಲ್ಲಿ ಅದು ಸಂಭವಿಸುತ್ತದೆ. ಮೂರನೆಯ ದಿನದಿಂದ ಒಂದು ವಾರದವರೆಗೆ, ಕೆಲವೊಮ್ಮೆ ಅನಂತರವೂ, ಅದು ತಲೆಯೆತ್ತುತ್ತದೆ. ಹಿಂದೆ ಆ ದಿನಗಳನ್ನು ರೋಗಿ ಆಸ್ಪತ್ರೆಯಲ್ಲಿ, ದಾದಿಯ ಕಣ್ಣೆದುರಿನಲ್ಲಿ ಕಳೆಯುತ್ತಿದ್ದನು. ಈಗ ಮನೆಯಲ್ಲಿ ಕಳೆಯುತ್ತಾನೆ. ಬೇಗ ಮನೆಗೆ ಕಳುಹಿಸುವುದು ಸರಿಯೆ. ಆದರೆ ದಾದಿಯ ಕಣ್ಣನ್ನೂ ಮನೆಯವರ ಕೈಗೆ ಕೊಟ್ಟು ಕಳುಹಿಸಬೇಕಲ್ಲವೆ? ನಮಗೆ ಕೊಟ್ಟದ್ದು ಗುಳಿಗೆಗಳ ಚೀಟಿ, ಇಂಗ್ಲಿಷಿನ ನಾಲ್ಕು ಪುಟಗಳ ವರದಿ ಮತ್ತು ಶಸ್ತ್ರಕ್ರಿಯೆಯ ಚಲಚ್ಚಿತ್ರ ತುಂಬಿದ ತಟ್ಟೆ. ಕರುಳನ್ನು ಹೇಗೆ ಕತ್ತರಿಸಿದರೆಂಬುದನ್ನು ನೋಡಿ ಅತ್ತೆಯವರು ಮಾಡುವುದೇನು? ಅವರಿಗೆ ಬೇಕಾಗಿದ್ದುದು ಕನ್ನಡದಲ್ಲಿ ಹತ್ತು ಸಾಲು. ಜ್ವರ, ನಾಡಿಯ ವೇಗ, ಏರುವ ನೋವು, ಉಬ್ಬುವ ಹೊಟ್ಟೆ, ನಿಲ್ಲದ ವಾಂತಿ, ಏದುಸಿರು, ಒಂದು ಕಾಲಿನಲ್ಲಿ ಮಾತ್ರ ಬಾವು, ಇವುಗಳಲ್ಲಿ ಯಾವುದು ಕಂಡರೂ ರಾತ್ರಿಯೆನ್ನದೆ ಬನ್ನಿ ಎಂಬ ಹತ್ತು ಸಾಲು, ಮತ್ತು ಆ ರಾತ್ರಿಯಲ್ಲಿ ವಿಷಯ ಬಲ್ಲವರೊಬ್ಬರು ಎತ್ತುವ ಫೋನಿನ ಸಂಖ್ಯೆ. ಇಷ್ಟನ್ನು ಕೇಳಿ ಪಡೆಯದೆ ರೋಗಿಯನ್ನು ಮನೆಗೆ ಕರೆತರಬಾರದೆಂಬುದು ನಮ್ಮ ಖಚಿತವಾದ ಮತ. ಇದಕ್ಕೆ ತಗಲುವ ವೆಚ್ಚ ಒಂದು ಹಾಳೆ ಕಾಗದ.

ವಿದ್ಯಾರ್ಥಿಗಳಿಗೆ ತಿಳಿಯುವ ಭಾಷೆಯಲ್ಲಿ ಹೇಳುವುದಾದರೆ, ನೋಡಬೇಕಾದುದು ಬೆಲೆಯನ್ನಲ್ಲ, ವಕ್ರರೇಖೆಯ ಓಟವನ್ನು. ಮೂರನೆಯ ದಿನ ನೋವಿದ್ದರೆ ಚಿಂತೆಯಿಲ್ಲ. ಎರಡನೆಯ ದಿನಕ್ಕಿಂತ ಮೂರನೆಯ ದಿನ, ಮೂರನೆಯದಕ್ಕಿಂತ ನಾಲ್ಕನೆಯ ದಿನ ಕಡಿಮೆಯಾಗುತ್ತಿರಬೇಕು. ಇಳಿಯುತ್ತಿದ್ದ ರೇಖೆ ಮತ್ತೆ ಏರತೊಡಗಿದ ದಿನ, ಚರ್ಮದ ಗಾಯ ಎಷ್ಟೇ ಅಂದವಾಗಿ ಕಂಡರೂ, ಗಾಡಿ ಕಟ್ಟಬೇಕು. ದಿನಕ್ಕೆ ಎರಡು ಸಲ ನಾಡಿ, ಜ್ವರ, ನಡೆದ ಹೆಜ್ಜೆ, ತಿಂದ ಊಟ, ಇಷ್ಟನ್ನು ಪ್ರಯೋಗಶಾಲೆಯ ದಾಖಲೆ ಪುಸ್ತಕದಂತೆ ಬರೆದಿಡಲು ಹೈಸ್ಕೂಲಿನ ಹುಡುಗನೂ ಬಲ್ಲ.

ನಾಲ್ಕು ತಿಂಗಳ ತರುವಾಯ ಕರುಳನ್ನು ಒಳಕ್ಕೆ ಸೇರಿಸಿ ಚೀಲವನ್ನು ತೆಗೆದರು. ಆ ಸಲ ಮಾವನವರು ಒಂದು ತಿಂಗಳು ಮೊದಲೇ ಕೆರೆಯ ಏರಿಯ ಮೇಲೆ ದಿನವೂ ಎರಡು ಮೈಲಿ ನಡೆದರು. ನೀರನ್ನು ಯಾವ ಗಂಟೆಯವರೆಗೆ ಕುಡಿಯಬಹುದೆಂದು ಅರಿವಳಿಕೆಯ ವೈದ್ಯರನ್ನು ತಾವೇ ಕೇಳಿ ತಿಳಿದರು. ಮೂರು ಚೆಂಡಿನ ಪೆಟ್ಟಿಗೆಯನ್ನು ಮೊಮ್ಮಗನಿಗೆ ಮುಟ್ಟಗೊಡಲಿಲ್ಲ. ಆರನೆಯ ದಿನ ಸಂಜೆ ನಾವು ಹೋದಾಗ ಅವರು ಜಗಲಿಯ ಮೇಲೆ ಕುಳಿತು ಎಡಗೈಯ ಮಣಿಕಟ್ಟನ್ನು ಬಲಗೈಯಲ್ಲಿ ಹಿಡಿದಿದ್ದರು. ಮಾತಾಡಬೇಡ ಎಂದು ತಲೆಯಾಡಿಸಿ, ಗೋಡೆಯ ಗಡಿಯಾರವನ್ನೇ ನೋಡುತ್ತಿದ್ದು, ಆಮೇಲೆ ಅತ್ತೆಯವರ ಕಡೆ ತಿರುಗಿ "ಎಪ್ಪತ್ತಾರು, ಬರೆದುಕೋ" ಎಂದರು.